ಕೋಳಿಗೊಂದು ಬಾಂಡ್ಲಿ ಮಣ್ಣು

ಮೊನ್ನೆ ಆಫೀಸಿನ ಕ್ಯಾಂಟೀನಲ್ಲಿ ಊಟಕ್ಕೆ ಕೂತಿದ್ದಾಗ ಟೀಮಿನ ಗೆಳೆಯನೊಬ್ಬ ಮೊಬೈಲ್ ತೆಗೆದು ಮುಂದೆ ಹಿಡಿದ. ತನ್ನ ಟೆರೇಸಿನ ಎರಡು ನಾಟಿ ಕೋಳಿಗಳಿಗೆ ಸ್ನಾನ ಮಾಡಿಸ್ತಿರೋ ವಿಡಿಯೋ. ಬಕೆಟ್ಟಲ್ಲಿ ಉಗುರುಬೆಚ್ಚಗಿನ ನೀರು, ಮಗುವಿಗೆ ಹಾಕೋ ಶಾಂಪೂ, ಆಮೇಲೆ ಹೇರ್ ಡ್ರೈಯರ್. ಕೋಳಿ ಕಣ್ಣು ಮುಚ್ಚಿ ಅಲುಗಾಡದೆ ಕೂತಿತ್ತು. 'ನೋಡು ಗುರು, ಹೆಂಗೆ ಎಂಜಾಯ್ ಮಾಡ್ತಿದೆ' ಅಂದ. ಸುತ್ತ ಕೂತಿದ್ದ ನಾಲ್ಕು ಜನ 'ಸೋ ಕ್ಯೂಟ್' ಅಂದ್ರು. ನಾನು ಊಟ ಬಿಟ್ಟು ಜಗಳಕ್ಕೆ ನಿಂತೆ. ಎರಡು ಗಂಟೆಗೆ ಮೀಟಿಂಗ್ ಇತ್ತು, ಜಗಳ ಅರ್ಧಕ್ಕೇ ನಿಂತಿತು. ಉಳಿದರ್ಧ ಇಲ್ಲಿದೆ.

ಅದು ಎಂಜಾಯ್ ಮಾಡ್ತಿರಲಿಲ್ಲ ಸ್ವಾಮಿ. ಹೆದರಿದ ಕೋಳಿ ಹಂಗೇ ಸೆಟೆದು ಕೂರೋದು. ಕೋಳಿ ನೀರಲ್ಲಿ ಸ್ನಾನ ಮಾಡೋ ಜೀವ ಅಲ್ಲ. ಅದರ ಸ್ನಾನ ಮಣ್ಣಲ್ಲಿ.

ನಾಗಮಂಗಲದ ಕಡೆ ನಮ್ಮೂರು. ಹಂಚಿನ ಮನೆ. ಸೂರಿನ ಕೆಳಗೆ, ಗೋಡೆ ಬುಡದಲ್ಲಿ ಒಂದು ಮೊಳದಗಲ ಜಾಗಕ್ಕೆ ಮಳೆಗಾಲದಲ್ಲೂ ನೀರು ತಾಗ್ತಿರಲಿಲ್ಲ. ಅಲ್ಲಿನ ಮಣ್ಣು ರಾಗಿ ಹಿಟ್ಟಿನ ಥರ ನುಣ್ಣಗೆ. ಅವ್ವ ಬೆಳಿಗ್ಗೆ ಒಲೆಯಿಂದ ಬಾಚಿದ ಬೂದೀನ ತಿಪ್ಪೆಗೆ ಒಯ್ಯುವಾಗ ಅಲ್ಲೂ ಒಂದಿಷ್ಟು ಚೆಲ್ಲಿ ಹೋಗ್ತಿದ್ಲು. ಬೇಕಂತಲೇ ಚೆಲ್ತಿದ್ಲು ಅಂತ ನಂಗೆ ಗೊತ್ತಾಗಿದ್ದು ಬಿಇ ಮುಗಿಸಿ, ಕೆಲಸಕ್ಕೆ ಸೇರಿ ಎಷ್ಟೋ ವರ್ಷ ಆದ್ಮೇಲೆ. ಮಟ ಮಟ ಮಧ್ಯಾಹ್ನ ಹೇಂಟೆಗಳು ಒಂದೊಂದಾಗಿ ಅಲ್ಲಿಗೆ ಬರೋವು. ಮೊದಲು ಕೊಕ್ಕಿಂದ ಕುಕ್ಕಿ ನೋಡೋದು, ಕಾಲಿಂದ ಕೆದಕೋದು, ಮೈ ಹಿಡಿಸೋವಷ್ಟು ಗುಂಡಿ ಮಾಡ್ಕೊಂಡು ಕೂರೋದು. ಆಮೇಲೆ ಪುಕ್ಕ ಎಲ್ಲ ಅರಳಿಸಿ, ರೆಕ್ಕೆಯಿಂದ ಮಣ್ಣು ಎತ್ತೆತ್ತಿ ಮೈಯೊಳಕ್ಕೆ ಹಾಕ್ಕೊಳ್ಳೋದು. ತಲೆ ಉಜ್ಜೋದು. ಕೊನೆಗೆ ಒಂದು ಪಕ್ಕಕ್ಕೆ ವಾಲಿ, ಕಾಲು ಚಾಚಿ, ಕಣ್ಣು ಮುಚ್ಚಿ ಬಿದ್ಕೊಳ್ಳೋದು. ಚಿಕ್ಕವನಿದ್ದಾಗ ಅದನ್ನ ನೋಡಿ 'ಅವ್ವಾ, ಕೋಳಿ ಸತ್ತೋಯ್ತು' ಅಂತ ಕಿರುಚಿಕೊಂಡು ಓಡಿದವನು ನಾನು. ಅವ್ವ ಬಂದು ನೋಡೋ ಹೊತ್ತಿಗೆ ಅದು ಎದ್ದು ಮೈ ಕೊಡವಿ, ಒಂದು ಮೋಡ ಧೂಳು ನನ್ನ ಮುಖಕ್ಕೇ ಹಾರಿಸಿ ಹೊರಟಿತ್ತು.

ಇದು ಚೇಷ್ಟೆ ಅಲ್ಲ, ಅದರ ಮೈಯ ಮೇಂಟೆನೆನ್ಸ್. ಕೋಳಿಯ ಬಾಲದ ಬುಡದಲ್ಲಿ ಎಣ್ಣೆಯ ಒಂದು ಗ್ರಂಥಿ ಇದೆ. ಕೊಕ್ಕಿಂದ ಆ ಎಣ್ಣೆ ತೆಗೆದು ಪುಕ್ಕಕ್ಕೆ ಸವರ್ಕೊಳ್ಳತ್ತೆ. ದಿನ ಕಳೆದಂತೆ ಎಣ್ಣೆ ಹಳಸಿ ಪುಕ್ಕ ಅಂಟಂಟಾಗತ್ತೆ. ಒಣ ಮಣ್ಣು ಆ ಹಳೇ ಎಣ್ಣೆ ಹೀರ್ಕೊಂಡು, ಕೊಡವಿದಾಗ ಉದುರಿ ಹೋಗತ್ತೆ, ಪುಕ್ಕ ಮತ್ತೆ ಹಗುರಾಗಿ ಬಿಡಿಬಿಡಿ ಆಗತ್ತೆ. ಹೇನುಗಳಿಗೂ ಅಲ್ಲಿ ನೆಮ್ಮದಿಯಾಗಿ ಸಂಸಾರ ಹೂಡಕ್ಕೆ ಆಗಲ್ಲ. ಅವಕಾಶ ಸಿಕ್ಕಿದ್ರೆ ಕೋಳಿ ಹೆಚ್ಚುಕಮ್ಮಿ ಎರಡು ದಿನಕ್ಕೊಮ್ಮೆ, ಅರ್ಧ ಗಂಟೆ ಹೊತ್ತು ಹಿಂಗೆ ಹೊರಳಾಡತ್ತೆ. ಇದನ್ನ ಯಾರೂ ಕಲಿಸಿಕೊಡಬೇಕಿಲ್ಲ. ತಾಯಿ ಕಾಣದೆ ಇಂಕ್ಯುಬೇಟರಲ್ಲಿ ಹುಟ್ಟಿದ ಮರಿಗೂ ಗೊತ್ತು.

ಗೊತ್ತಿರೋದೇ ಅದರ ಕರ್ಮ. ಯಾಕಂದ್ರೆ ಮಣ್ಣು ಇಲ್ಲದಿದ್ರೂ ಆ ಆಸೆ ಹೋಗಲ್ಲ. ಬರೀ ತಂತಿ ನೆಲದ ಪಂಜರದಲ್ಲಿರೋ ಕೋಳಿಗಳೂ ತಂತಿ ಮೇಲೆ ಕೂತು, ಇಲ್ಲದ ಮಣ್ಣನ್ನ ಮೈಮೇಲೆ ಎರಚಿಕೊಳ್ತಾವೆ. ವಿಜ್ಞಾನಿಗಳು ಇದನ್ನ ಹುಸಿ ಸ್ನಾನ ಅನ್ನೋ ಅರ್ಥದ ಹೆಸರಿಟ್ಟು ಅಭ್ಯಾಸ ಮಾಡಿದಾರೆ. ಪಂಜರದ ಫಾರಮ್ಮುಗಳಲ್ಲಿ ಒಂದು ಕೋಳಿಗೆ ಸಿಗೋ ಜಾಗ ನಿಮ್ಮ ಆಫೀಸ್ ಪ್ರಿಂಟರಿನ ಎ4 ಹಾಳೆಗಿಂತ ಕಡಿಮೆ. ಆ ಹಾಳೆಯ ಅಳತೆ ಸುಮಾರು 624 ಚದರ ಸೆಂಟಿಮೀಟರ್. ಯುರೋಪಿಯನ್ ಒಕ್ಕೂಟದಲ್ಲಿ 2012ರ ಜನವರಿ 1ರಿಂದ ಇಂಥ ಬೋಳು ಪಂಜರ ನಿಷಿದ್ಧ. ಅಲ್ಲಿ ಪಂಜರ ಇಟ್ರೂ ಕೋಳಿಯೊಂದಕ್ಕೆ ಕನಿಷ್ಠ 750 ಚದರ ಸೆಂಟಿಮೀಟರ್ ಜಾಗ, ಮೊಟ್ಟೆ ಇಡಕ್ಕೆ ಗೂಡು, ಕೂರಕ್ಕೆ ಅಡ್ಡಗೋಲು, ಕೆದಕಕ್ಕೆ ಒಂದಿಷ್ಟು ಹಾಸು ಕೊಡಬೇಕು. ನಮ್ಮಲ್ಲೂ ಭಾರತದ ಕಾನೂನು ಆಯೋಗ 2017ರಲ್ಲಿ ಫಾರಂ ಕೋಳಿಗಳ ಸಾಕಣೆ ಮತ್ತು ಸಾಗಣೆ ಬಗ್ಗೆಯೇ ಒಂದು ವರದಿ ಬರೀತು, 269ನೇ ವರದಿ. ಓದಿದವರು ಎಷ್ಟು ಜನ ಅಂತ ಕೇಳಬೇಡಿ.

ಫಾರಮ್ಮಿನವರನ್ನ ಬೈಯೋದು ನಮ್ಮಂಥವರಿಗೆ ಸುಲಭ. ಅದೇ ಪಾಪ ನಾವು ಟೆರೇಸಲ್ಲಿ, ಆರ್ಗ್ಯಾನಿಕ್ ಅನ್ನೋ ಹೆಸರಲ್ಲಿ ಮಾಡ್ತಿದೀವಲ್ಲ, ಅದಕ್ಕೇನಂತೀರಿ?

ನಾವು ಅಂದೆ, ನಾನೂ ಅದರಲ್ಲಿದೀನಿ. ಮೂರು ವರ್ಷದ ಹಿಂದೆ ಮಗಳಿಗೆ ತೋರಿಸೋಣ ಅಂತ ಎರಡು ಹೇಂಟೆ ತಂದೆ. ಆನ್‌ಲೈನಲ್ಲಿ ಗೂಡು ತರಿಸಿದೆ, ನೀರಿಗೆ ನಿಪ್ಪಲ್ ಹಾಕಿಸಿದೆ, ಹಿಕ್ಕೆ ತೊಳೆಯಕ್ಕೆ ಅನುಕೂಲ ಅಂತ ಟೈಲ್ಸ್ ಮೇಲೇ ಬಿಟ್ಟೆ. ಒಂದಿನ ಕೆಂಪು ಹೇಂಟೆ ಆ ಟೈಲ್ಸ್ ಮೇಲೆ ಕೂತು ರೆಕ್ಕೆ ಬಡಿದು, ಮೈ ಉಜ್ಜಿ, ಪಕ್ಕಕ್ಕೆ ವಾಲಿ ಬಿತ್ತು. ನಾನು ವಿಡಿಯೋ ಮಾಡಿ 'ನಮ್ಮನೆ ಕೋಳಿಯ ಬ್ರೇಕ್ ಡ್ಯಾನ್ಸ್' ಅಂತ ಸ್ಟೇಟಸ್ ಹಾಕಿದೆ. ತುಂಬಾ ಜನ ನಕ್ರು. ಸೂರಿನ ಕೆಳಗೆ ಅದನ್ನೇ ನೋಡ್ತಾ ಬೆಳೆದವನಿಗೆ ತಾನು ಏನು ನೋಡ್ತಿದೀನಿ ಅಂತ ಹೊಳೀಲಿಲ್ಲ.

ಎರಡು ತಿಂಗಳಾದ್ಮೇಲೆ ಅದೇ ಹೇಂಟೆ ಮಂಕಾಯ್ತು. ಪುಕ್ಕ ಸರಿಸಿ ನೋಡಿದ್ರೆ ಚರ್ಮ ಕೆಂಪಗೆ, ಪುಕ್ಕದ ಬುಡದಲ್ಲೆಲ್ಲ ಹೇನಿನ ಮೊಟ್ಟೆ ಗಂಟು ಗಂಟಾಗಿ. ಡಾಕ್ಟರ್ ಪೌಡರ್ ಕೊಟ್ರು. ವಾರದಲ್ಲಿ ಸತ್ತೋಯ್ತು. ಹೇನಿಂದಲೇ ಸತ್ತಿತು ಅಂತ ಹೇಳಲಾರೆ. ಆ ವಾರ ಊರಿಂದ ಬಂದಿದ್ದ ಅವ್ವ, ಇನ್ನೊಂದು ಕೋಳಿ ಟೈಲ್ಸ್ ಮೇಲೆ ಹೊರಳಾಡೋದನ್ನ ನೋಡ್ತಾ ಸ್ವಲ್ಪ ಹೊತ್ತು ಸುಮ್ಮನಿದ್ಲು.

'ಅದು ಮಣ್ಣು ಕೇಳ್ತಾ ಅದೆ ಕಣಪ್ಪ. ಒಂದು ಬಾಂಡ್ಲಿ ಮಣ್ಣು ಕೊಡಕ್ಕೂ ಗತಿ ಇಲ್ವಾ ನಿಂಗೆ?'

ಊರಲ್ಲಿ ಎರಡೆಕರೆ ಹೊಲ ಇಟ್ಕೊಂಡವನನ್ನ ಕೇಳಿದ ಪ್ರಶ್ನೆ ಇದು.

ಹಂಗಂತ ಈಗ ಇದನ್ನೂ ಪ್ಯಾಕೆಟ್ಟಲ್ಲಿ ಕೊಳ್ಳಕ್ಕೆ ಹೊರಡಬೇಡಿ. 'ಡಸ್ಟ್ ಬಾತ್ ಮಿಕ್ಸ್' ಅಂತ ಚೆಂದದ ಚೀಲದಲ್ಲಿ ಮಣ್ಣು ಮಾರ್ತಾರೆ. ಡಯಾಟಮೇಶಿಯಸ್ ಅರ್ತ್ ಅನ್ನೋ ಬಿಳಿ ಪುಡಿ ಬೆರೆಸಿ ಅಂತ ಹೇಳೋರೂ ಇದಾರೆ. ಆ ನುಣುಪು ಸಿಲಿಕಾ ಪುಡಿ ಉಸಿರಲ್ಲಿ ಒಳಗೆ ಹೋದ್ರೆ ಕೋಳಿ ಶ್ವಾಸಕೋಶಕ್ಕೂ ಒಳ್ಳೇದಲ್ಲ, ಗುಡಿಸೋ ನಿಮ್ಮ ಶ್ವಾಸಕೋಶಕ್ಕೂ ಒಳ್ಳೇದಲ್ಲ. ಬೇಕಾಗಿರೋದು ಇಷ್ಟೇ: ಎರಡಡಿ ಅಗಲದ ಒಂದು ಟಬ್ಬು ಅಥವಾ ಹಳೇ ಟೈರು, ಅದರಲ್ಲಿ ಒಂದು ಗೇಣು ಒಣ ಮಣ್ಣು, ಸಿಕ್ಕಿದ್ರೆ ನುಣ್ಣನೆ ಮರಳು, ಸೌದೆ ಒಲೆಯ ಜರಡಿ ಹಿಡಿದ ಬೂದಿ ಎರಡು ಹಿಡಿ. ಔಷಧಿ ಹೊಡೆದ ತೋಟದ ಮಣ್ಣು ಬೇಡ, ಕಸ ಪ್ಲಾಸ್ಟಿಕ್ ಸುಟ್ಟ ಬೂದಿ ಬೇಡವೇ ಬೇಡ. ಬೂದಿ ನೆಂದ್ರೆ ಚರ್ಮ ಸುಡತ್ತೆ, ಅದಕ್ಕೇ ಮೇಲೊಂದು ಶೀಟ್ ಮರೆ ಇರಲಿ. ವಾರಕ್ಕೊಮ್ಮೆ ಹಿಕ್ಕೆ ಆರಿಸಿ ತೆಗೀರಿ. ಹಂಗಂತ ಮಣ್ಣು ಎಲ್ಲಕ್ಕೂ ಮದ್ದಲ್ಲ. ಹಗಲೆಲ್ಲ ಗೂಡಿನ ಸಂದೀಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರೋ ಕೆಂಪು ನುಸಿ ಬಿದ್ರೆ ಗೂಡನ್ನೇ ಬಿಚ್ಚಿ ತೊಳೀಬೇಕು, ಡಾಕ್ಟರ್ ಹತ್ರ ಹೋಗ್ಬೇಕು. ಶಾಂಪೂ ಮಾತ್ರ ಬಚ್ಚಲಲ್ಲೇ ಇರಲಿ.

'ಗಲೀಜಾಗತ್ತೆ, ಓನರ್ ಬೈತಾರೆ' ಅಂದ ಗೆಳೆಯ. ನನ್ನ ಓನರೂ ಬೈದ್ರು. ಟೆರೇಸಿಗೆ ಧೂಳು ಅಂದ್ರು. ಟೆರೇಸ್ ಗುಡಿಸ್ತೀನಿ ಅಂದೆ, ಗುಡಿಸ್ತಿದೀನಿ. ಅಷ್ಟೂ ಆಗಲ್ಲ ಅನ್ನೋರು ಅಂಗಡೀಲಿ ಮೊಟ್ಟೆ ತಗೊಳ್ಳಿ, ಕೋಳಿ ಸಾಕಬೇಡಿ. ಮಗುವಿಗೆ 'ನೇಚರ್' ತೋರಿಸ್ತೀವಿ ಅಂತ ಕೋಳಿ ತಂದು, ಆ ನೇಚರಿನ ಮೊದಲನೇ ಐಟಮ್ಮನ್ನೇ ಗಲೀಜು ಅಂತ ಗೇಟಾಚೆ ನಿಲ್ಲಿಸೋದಕ್ಕೆ ನನ್ನ ತಕರಾರು. ಇದರಲ್ಲಿ ಹುಟ್ಟಾ ಬೆಂಗಳೂರಿನವರಿಗಿಂತ ನಮ್ಮಂಥ ಹಳ್ಳಿಯಿಂದ ಬಂದೋರೇ ಮುಂದು. ಕಾಲಿಗಂಟಿದ ಮಣ್ಣು ತೊಳೆದುಕೊಳ್ಳಕ್ಕೆ ಹದಿನೈದು ವರ್ಷ ತಗೊಂಡಿದೀವಲ್ಲ, ಮತ್ತೆ ಮಹಡಿ ಮೇಲೆ ಹೊತ್ಕೊಂಡು ಬರೋದಾ ಅಂತ.

ನಮ್ಮ ರಸ್ತೆ ಕೊನೇಲಿ ಬೇಸ್‌ಮೆಂಟ್ ತೋಡ್ತಿದ್ರು. ಸಂಜೆ ಹೋಗಿ ಎರಡು ಬಾಂಡ್ಲಿ ಮಣ್ಣು ಕೇಳಿದೆ. ಯಾದಗಿರಿ ಕಡೆಯ ಮೇಸ್ತ್ರಿ, 'ಎದಕ್ರೀ ಸರ, ಗಿಡಕ್ಕೇನ್ರಿ?' ಅಂದ. ಕೋಳಿಗೆ ಅಂದೆ. 'ಹೊಳ್ಳಾಡಾಕ?' ಅಂತ ನಕ್ಕು, ಮೇಲಿನ ಹೆಂಟೆ ಮಣ್ಣು ಬಿಟ್ಟು, ಒಣಗಿದ್ದನ್ನ ತಾನೇ ಜರಡಿ ಹಿಡಿದು ಸಿಮೆಂಟ್ ಚೀಲಕ್ಕೆ ತುಂಬಿ ಕೊಟ್ಟ. ದುಡ್ಡು ಮುಟ್ಟಲಿಲ್ಲ. ಉಳಿದಿದ್ದ ಒಂದು ಹೇಂಟೆ, ನಾನು ಟಬ್ಬಿಗೆ ಮಣ್ಣು ಸುರಿದು ಮುಗಿಸೋಕೂ ಬಿಡಲಿಲ್ಲ.

ಗೆಳೆಯನಿಗೆ ಆ ಸೈಟಿನ ಲೊಕೇಶನ್ ಕಳಿಸಿದೀನಿ. ಬ್ಲೂ ಟಿಕ್ ಬಂದಿದೆ. ಉತ್ತರ ಇನ್ನೂ ಬಂದಿಲ್ಲ.