ಸ್ಕೂಟರ್‌ಗೆ ವಿಮೆ ಇದೆ, ಸೂರಿಗೆ?

ಚಂಡಮಾರುತ ಎಂದರೆ ಕರಾವಳಿಯವರ ಕಷ್ಟ ಎಂದುಕೊಂಡಿದ್ದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಬಂದಾಗಲೂ ಟಿ.ವಿ. ನೋಡಿ ಸುಮ್ಮನಾಗಿದ್ದೆವು. ಆದರೆ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಮುಂಗಾರುಪೂರ್ವ ಮಳೆಯ ಗಾಳಿಗೂ ಹೆಂಚು, ಶೀಟು ಹಾರುತ್ತವೆ. ಹೋದ ಬೇಸಿಗೆಯಲ್ಲಿ ತೆಂಗಿನಮರ ಬಿದ್ದು ನಮ್ಮ ಮನೆಯ ಚಾವಣಿ ಕುಸಿಯಿತು. ನನ್ನ ಬಿ.ಇ. ಶುಲ್ಕಕ್ಕೆಂದು ಅಪ್ಪ ಕೂಡಿಟ್ಟಿದ್ದ ಅಡಿಕೆ ದುಡ್ಡು ರಿಪೇರಿಗೆ ಹೋಯಿತು. ಶುಲ್ಕಕ್ಕೆ ಸಾಲ ಮಾಡಿದೆವು.

ನಮ್ಮ ಸ್ಕೂಟರ್‌ಗೆ ವಿಮೆ ಇದೆ. ಇಲ್ಲದಿದ್ದರೆ ಪೊಲೀಸರು ದಂಡ ಹಾಕುತ್ತಾರೆ. ಮನೆಗೆ ಇರಲಿಲ್ಲ, ಯಾರೂ ಕೇಳುವುದಿಲ್ಲ. ತೌಕ್ತೆ ಬಂದ ವರ್ಷವೇ, ಏಪ್ರಿಲ್ 1ರಿಂದ, ವಿಮಾ ನಿಯಂತ್ರಣ ಪ್ರಾಧಿಕಾರವು ‘ಭಾರತ್ ಗೃಹ ರಕ್ಷಾ’ ಪಾಲಿಸಿಯನ್ನು ಜಾರಿಗೆ ತಂದಿದೆ. ಬೆಂಕಿ, ಬಿರುಗಾಳಿ, ಪ್ರವಾಹ, ಭೂಕುಸಿತ ಇದರ ವ್ಯಾಪ್ತಿಗೆ ಬರುತ್ತವೆ. ವಿಮೆ ಜಾಗದ ಬೆಲೆಗಲ್ಲ, ಮನೆಯನ್ನು ಮತ್ತೆ ಕಟ್ಟುವ ಖರ್ಚಿಗೆ. ಮನೆಯೊಳಗಿನ ಸಾಮಾನಿಗೂ ಕಟ್ಟಡದ ವಿಮಾ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ.

‘ಏನೂ ಆಗದಿದ್ದರೆ ಕಟ್ಟಿದ ದುಡ್ಡು ದಂಡವಲ್ಲವೇನೋ?’ ಎಂದರು ಅಪ್ಪ. ಸ್ಕೂಟರ್‌ಗೆ ಕಟ್ಟಿದ್ದೂ ವಾಪಸ್ ಬಂದಿಲ್ಲ, ಅದನ್ನು ನಾವು ದಂಡ ಎನ್ನುವುದಿಲ್ಲವಲ್ಲ ಎಂದೆ. ಅಪ್ಪ ಸುಮ್ಮನಾದರು.

ಗೆಳೆಯರೇ, ಪಾಲಿಸಿಯ ಷರತ್ತುಗಳನ್ನು ಓದಿ ಮನೆಯವರಿಗೆ ಬಿಡಿಸಿ ಹೇಳಬೇಕಾದವರು ನಾವೇ. ಮುಂದಿನ ಗಾಳಿಮಳೆಗೆ ಮೊದಲೇ ಮನೆಯಲ್ಲಿ ಈ ಮಾತು ತೆಗೆಯೋಣ.