ಮೂಗು ತಿದ್ದುವುದು ಆಯ್ಕೆಯೇ?

2011ರ ‘ಸ್ಕೈರಿಮ್’ ಕಂಪ್ಯೂಟರ್ ಆಟದಲ್ಲಿ ಹತ್ತು ಕುಲಗಳೊಳಗಿಂದ ನಾಯಕನನ್ನು ಆರಿಸಬಹುದು. ಮೂಗು, ಗಡ್ಡ, ಕಣ್ಣಿನ ಬಣ್ಣ ಎಲ್ಲ ನಮ್ಮಿಷ್ಟ. ಇದೇ ಸ್ವಾತಂತ್ರ್ಯವೆಂದು ನನ್ನ ಮಗನ ವಾದ. ನಾನೊಪ್ಪಲಾರೆ. ಬಣ್ಣ ಹಚ್ಚಿದ ಮಾತ್ರಕ್ಕೆ ವೇಷ ಕಳೆಗಟ್ಟೀತೇ?

2015ರ ‘ವಿಚರ್ 3’ರಲ್ಲಿ ಗೆರಾಲ್ಟನ ಹೆಸರು, ಕಸುಬು ಮೊದಲೇ ನಿಗದಿ. ಆದರೆ ಮರದ ಬುಡದಲ್ಲಿ ಬಂಧಿಯಾದ ಪ್ರೇತವನ್ನು ಅವನು ಬಿಡಿಸಿದರೆ ಅನಾಥ ಮಕ್ಕಳು ಉಳಿಯುತ್ತಾರೆ. ಬ್ಯಾರನ್ನನ ಹೆಂಡತಿ ಸಾಯುತ್ತಾಳೆ, ಬ್ಯಾರನ್ ನೇಣಿಗೆ ಕೊರಳೊಡ್ಡುತ್ತಾನೆ. ಕೊಂದರೆ ಅವಳು ಬುದ್ಧಿಗೆಟ್ಟು ಬದುಕುತ್ತಾಳೆ, ಮಕ್ಕಳಿಲ್ಲ. ಆಯ್ಕೆಯೆಂದರೆ ಇದು.

ತಾಳಮದ್ದಳೆಯ ಕರ್ಣನಿಗೂ ಸಾವು ನಿಶ್ಚಿತ. ಮಾತು ಮಾತ್ರ ಅರ್ಥಧಾರಿಯದು. ಗಡಿನಾಡಿನಲ್ಲಿ ಹುಟ್ಟಿದ್ದು ನಮ್ಮ ಆಯ್ಕೆಯಲ್ಲ. ಮಗನನ್ನು ಕನ್ನಡ ಮಾಧ್ಯಮಕ್ಕೆ ಸೇರಿಸಿದ್ದು ನನ್ನದೇ ಆಯ್ಕೆ; ಬೆಲೆಯನ್ನು ಅವನೂ ತೆತ್ತ. ಅದಕ್ಕೇ ಹೇಳುತ್ತೇನೆ, ಮೂಗು ತಿದ್ದುವುದನ್ನು ಆಯ್ಕೆಯೆನ್ನಬೇಡಿ.