ಕಲಿಯುವ ಯಂತ್ರವೂ ಕಲಿಯದ ವಿದ್ಯಾರ್ಥಿಯೂ

ಕಳೆದ ಸೆಮಿಸ್ಟರಿನಲ್ಲಿ ನಾನೊಂದು ಪ್ರಬಂಧವನ್ನು ಒಪ್ಪಿಸಿದೆ. ಅದನ್ನು ಬರೆದುದು ನಾನಲ್ಲ. ನನ್ನ ಫೋನಿನ ಮೂಲಕ ಮಾತನಾಡುವ ಯಂತ್ರ. ನಮ್ಮ ಅಧ್ಯಾಪಕರು ಅದನ್ನೋದಿ, ಮೂರನೆಯ ಪುಟದ ಒಂದು ವಾಕ್ಯದ ಮೇಲೆ ಬೆರಳಿಟ್ಟು, "ಇದರ ಅರ್ಥವೇನಪ್ಪಾ?" ಎಂದರು. ನಾನು ತಲೆ ತಗ್ಗಿಸಿ ನಿಂತೆ. ಅವರು ಬೈಯಲಿಲ್ಲ, ಹಾಳೆಗಳನ್ನು ಹಿಂದಕ್ಕೆ ಕೊಟ್ಟರು, ಅಷ್ಟೆ. ಅಂದಿನಿಂದ ಈ ಯಂತ್ರ ಏನನ್ನು ಬಲ್ಲುದೆಂದು ವಿಚಾರಿಸತೊಡಗಿದೆ. ತಿಳಿದಷ್ಟನ್ನು ಮಿತ್ರರ ಮುಂದಿಡುತ್ತೇನೆ.

'ಕೃತಕ ಬುದ್ಧಿಮತ್ತೆ' ಎಂಬ ಹೆಸರು ಇಂದು ನಿನ್ನೆಯದಲ್ಲ. ಜಾನ್ ಮೆಕಾರ್ಥಿಯವರೂ ಅವರ ಮೂವರು ಸಂಗಡಿಗರೂ ೧೯೫೫ರಲ್ಲಿ ಬರೆದ ಯೋಜನಾಪತ್ರವೊಂದರಲ್ಲಿ ಅದು ಕಾಣಿಸಿಕೊಂಡಿತು. ಮರುವರ್ಷದ ಬೇಸಗೆಯಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ವಿದ್ವಾಂಸರು ಅದೇ ಉದ್ದೇಶದಿಂದ ಸೇರಿದರು. ಬುದ್ಧಿಯ ಪ್ರತಿಯೊಂದು ಅಂಶವನ್ನೂ ಸ್ಪಷ್ಟವಾಗಿ ವಿವರಿಸಬಹುದು, ವಿವರಿಸಿದುದನ್ನು ಯಂತ್ರದಿಂದ ಮಾಡಿಸಬಹುದು ಎಂಬುದೇ ಅವರ ಊಹೆ.

ಯಂತ್ರಕ್ಕೆ ಕೆಲಸ ಕಲಿಸುವ ದಾರಿಗಳು ಮುಖ್ಯವಾಗಿ ಎರಡು. ಮನುಷ್ಯನೇ ನಿಯಮಗಳನ್ನು ಬರೆದುಕೊಡುವುದು ಒಂದು; ಯಂತ್ರವೇ ಅನುಭವದಿಂದ ತನ್ನ ಲೆಕ್ಕವನ್ನು ತಿದ್ದಿಕೊಳ್ಳುವಂತೆ ಮಾಡುವುದು ಇನ್ನೊಂದು. ಐಬಿಎಂ ಸಂಸ್ಥೆಯ ಆರ್ಥರ್ ಸ್ಯಾಮ್ಯುಯೆಲ್ ಎಂಬವರು ಚೆಕರ್ಸ್ ಎಂಬ ಮಣೆಯಾಟವನ್ನು ಈ ಎರಡನೆಯ ದಾರಿಯಲ್ಲಿ ಗಣಕಯಂತ್ರಕ್ಕೆ ಕಲಿಸಿದರು. ಅದು ತನ್ನೊಡನೆ ತಾನೇ ಆಡಿ, ತಪ್ಪಿದಲ್ಲಿ ತಿದ್ದಿಕೊಂಡು, ಕಲಿಸಿದವನಿಗಿಂತ ಚೆನ್ನಾಗಿ ಆಡಬಲ್ಲುದೆಂದು ೧೯೫೯ರ ತಮ್ಮ ಲೇಖನದಲ್ಲಿ ತಿಳಿಸಿದರು.

ಇಂದಿನ ಮಾತಿನ ಯಂತ್ರವೂ ಈ ಎರಡನೆಯ ಜಾತಿಯದೇ. ಅಪಾರವಾದ ಬರೆಹವನ್ನು ಅದರ ಮುಂದಿಟ್ಟು, ಮುಂದಿನ ಪದವನ್ನು ಊಹಿಸಲು ಕಲಿಸುತ್ತಾರೆ. 'ಮಳೆ ಬಂದು ಕೆರೆ' ಎಂದರೆ 'ತುಂಬಿತು' ಎಂಬುದು ಹೊಂದುತ್ತದೆ. 'ಹಾರಿತು' ಎಂಬುದು ಹೊಂದದು. ಊಹೆ ತಪ್ಪಿದಾಗಲೆಲ್ಲ ಒಳಗಿನ ಕೋಟಿಗಟ್ಟಲೆ ಅಂಕಿಗಳು ತುಸುತುಸುವೇ ಬದಲಾಗುತ್ತವೆ. ಕೆರೆಯನ್ನು ಅದು ಕಂಡಿಲ್ಲ. ಕೆರೆಯ ಕುರಿತ ಮಾತನ್ನು ಕಂಡಿದೆ. ಆದುದರಿಂದಲೇ ನಿಜವನ್ನು ಹೇಳುವಷ್ಟೇ ಸರಾಗವಾಗಿ ಸುಳ್ಳನ್ನೂ ಹೇಳಬಲ್ಲುದು.

ಇಂಥ ಮಾತಿಗೆ ಮರುಳಾದವರಲ್ಲಿ ನಾನು ಮೊದಲಿಗನಲ್ಲ. ೧೯೬೬ರಲ್ಲಿ ಜೋಸೆಫ್ ವೈಜೆನ್‌ಬಾಮ್ ಎಂಬ ಪ್ರಾಧ್ಯಾಪಕರು 'ಎಲೈಜಾ' ಎಂಬ ಕ್ರಮವಿಧಿಯನ್ನು ಪ್ರಕಟಿಸಿದರು. ನಾವು ಹೇಳಿದುದನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುವುದಷ್ಟೇ ಅದರ ಮುಖ್ಯ ಜಾಣತನ. ಆದರೂ ಜನ ಅದರ ಮುಂದೆ ಮನಸ್ಸು ಬಿಚ್ಚಿದರು! ಅದನ್ನು ಕಂಡು ಕಳವಳಗೊಂಡ ಅವರು ೧೯೭೬ರಲ್ಲಿ ಎಚ್ಚರಿಕೆಯ ಪುಸ್ತಕವನ್ನೇ ಬರೆದರು.

"ಲೆಕ್ಕಕ್ಕೆ ಕ್ಯಾಲ್ಕುಲೇಟರ್ ಇರುವಂತೆ ಪ್ರಬಂಧಕ್ಕೆ ಇದು ಇರಲಿ" ಎಂದು ಕೆಲವು ಮಿತ್ರರು ವಾದಿಸುತ್ತಾರೆ. ಅಂಗಡಿಯವನಿಗೆ ಬೇಕಾದುದು ಮೊತ್ತ. ಅದು ಹೇಗೆ ಬಂದರೂ ಸರಿಯೆ. ನನ್ನ ಪ್ರಬಂಧವಾದರೋ ಲೋಕದಲ್ಲಿ ಯಾರಿಗೂ ಬೇಕಾಗಿರಲಿಲ್ಲ. ನಾನು ಯೋಚಿಸಬೇಕೆಂಬುದೊಂದೇ ಅದರ ಪ್ರಯೋಜನ. ಸ್ಯಾಮ್ಯುಯೆಲ್ಲರ ಯಂತ್ರ ಕಲಿತದ್ದು ತಾನೇ ಆಡಿ ಸೋತುದರಿಂದ. ನಾನಾದರೋ ನನ್ನ ಬದಲು ಯಂತ್ರವನ್ನು ಆಟಕ್ಕೆ ಕೂರಿಸಿ, ಗೆಲುವನ್ನು ಮಾತ್ರ ಬಯಸಿದೆ!

ಯಂತ್ರವನ್ನು ದೂರವಿಡಿರೆಂದು ನಾನು ಹೇಳುವುದಿಲ್ಲ. ತಿಳಿಯದುದನ್ನು ಕೇಳೋಣ, ಅದು ಹೇಳಿದುದನ್ನು ಗ್ರಂಥಾಲಯದಲ್ಲಿ ಪರೀಕ್ಷಿಸೋಣ. ಆದರೆ ನಮ್ಮ ಬರೆಹವನ್ನು ನಾವೇ ಬರೆಯೋಣ. ಅಧ್ಯಾಪಕರಲ್ಲಿಯೂ ಒಂದು ಬಿನ್ನಹ: ಅಂಕ ಕೊಡುವ ಮುನ್ನ ನಮ್ಮನ್ನು ಕರೆದು ಒಂದು ಪ್ರಶ್ನೆ ಕೇಳಿರಿ.

ಆ ಪ್ರಬಂಧವನ್ನು ನಾನು ಮತ್ತೆ ಬರೆದೆ. ಮೊದಲಿನದಕ್ಕಿಂತ ಗಿಡ್ಡ, ಅಷ್ಟು ನುಣುಪೂ ಇಲ್ಲ. ಆದರೆ ಯಾವ ವಾಕ್ಯದ ಮೇಲೆ ಬೆರಳಿಟ್ಟರೂ ಉತ್ತರ ಹೇಳಬಲ್ಲೆ.